ವರದೆ ತುಂಗಭದ್ರೆಯರು ಕೂಡುವ ಊರು: ಗಳಗನಾಥ

ಎರಡು ಹೊಳೆಗಳು ಕೂಡುವ ಕಡೆ ದೇವರಿಗೊಂದು ನೆಲೆಯನ್ನು ಕಟ್ಟುವುದು ನಮ್ಮ ನಾಡಿನ ಹಳೆಯ ರೂಢಿ. ಕೂಡಲಿ, ಕೂಡಲಸಂಗಮಗಳ ಹೆಸರನ್ನು ಕೇಳದ ಕನ್ನಡಿಗರು ವಿರಳ. ಅಷ್ಟೊಂದು ಯಾತ್ರಿಕರನ್ನು ಸೆಳೆಯದಿದ್ದರೂ ಅದೇ ಬಗೆಯ ಇನ್ನೊಂದು ಕ್ಷೇತ್ರ ಹಾವೇರಿ ತಾಲ್ಲೂಕಿನ ಗಳಗನಾಥ. ಇಲ್ಲಿ ವರದಾನದಿಯು ತುಂಗಭದ್ರೆಯನ್ನು ಸೇರುತ್ತದೆ. ಊರು ಚಿಕ್ಕದು. ಆದರೂ ಅದರ ಹೆಸರು ಒಂದು ಕಾಲಕ್ಕೆ ಉತ್ತರ ಕರ್ನಾಟಕದ ಓದುವ ಮನೆಗಳಲ್ಲೆಲ್ಲ ಬಳಕೆಯಲ್ಲಿತ್ತು. ದೇವರ ಹೆಸರಾಗಿ ಅಲ್ಲ, ಕಾದಂಬರಿಕಾರರೊಬ್ಬರ ಹೆಸರಾಗಿ.

ಹಾವೇರಿಯಿಂದ ಗುತ್ತಲದ ಮಾರ್ಗವಾಗಿ ಪೂರ್ವಕ್ಕೆ ಹೊರಟರೆ ಮಲೆನಾಡಿನ ಸೆರಗು ಹಿಂದೆ ಸರಿದು ಬಯಲುಸೀಮೆ ತೆರೆದುಕೊಳ್ಳುತ್ತದೆ. ಕಪ್ಪು ಮಣ್ಣಿನ ಹೊಲಗಳಲ್ಲಿ ಜೋಳ, ಹತ್ತಿ, ಗೋವಿನಜೋಳಗಳು ಬೆಳೆಯುತ್ತವೆ. ಈ ಸುತ್ತಿನ ಮೆಣಸಿನಕಾಯಿಗೆ ಬ್ಯಾಡಗಿಯೇ ಪೇಟೆ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಕಾಯಿ ಅದು. ದಾರಿಯಲ್ಲಿ ಸಿಕ್ಕುವ ಗುತ್ತಲವು, ಉಜ್ಜಯಿನಿಯ ವಿಕ್ರಮಾದಿತ್ಯನ ವಂಶದವರು ತಾವೆಂದು ಹೇಳಿಕೊಂಡ ಗುತ್ತ ಅರಸರ ರಾಜಧಾನಿ. ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಆಳಿದ ಆ ಮಾಂಡಲಿಕರ ಹೆಸರನ್ನು ಊರು ಇಂದಿಗೂ ಹೊತ್ತಿದೆ.

ಗಳಗನಾಥದಲ್ಲಿ ಕೂಡುವ ಹೊಳೆಗಳೆರಡೂ ಸಹ್ಯಾದ್ರಿಯ ಮಕ್ಕಳೇ. ತುಂಗೆ ಭದ್ರೆಯರು ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ಹಾದಿ ಹಿಡಿದು, ಶಿವಮೊಗ್ಗೆಯ ಬಳಿಯ ಕೂಡಲಿಯಲ್ಲಿ ಒಂದಾಗುತ್ತಾರೆ. ಅಲ್ಲಿಂದ ಹರಿಹರವನ್ನು ದಾಟಿ ರಾಣೆಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ಉತ್ತರಾಭಿಮುಖವಾಗಿ ಹರಿದು ಬರುತ್ತದೆ ತುಂಗಭದ್ರೆ. ವರದೆಯಾದರೋ ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿ, ಕದಂಬರ ಬನವಾಸಿಯನ್ನು ಬಳಸಿಕೊಂಡು ಬರುವವಳು. ಹೀಗೆ ಮಲೆನಾಡಿನ ಮಳೆಯೇ ಎರಡು ದಾರಿಗಳಿಂದ ಬಂದು ಬಯಲುನಾಡಿನಲ್ಲಿ ಒಂದಾಗುತ್ತದೆ.

ಹೊಳೆಯ ದಂಡೆಯಲ್ಲಿ ಗಳಗೇಶ್ವರನ ಗುಡಿಯಿದೆ. ಇದು ಹನ್ನೊಂದನೆಯ ಶತಮಾನದ, ಕಲ್ಯಾಣದ ಚಾಲುಕ್ಯರ ಕಾಲದ ಕಟ್ಟಡ. ಲಕ್ಕುಂಡಿ, ಇಟಗಿಗಳ ಗುಡಿಗಳನ್ನು ನೋಡಿ ಬಂದವರಿಗೂ ಇಲ್ಲಿ ಒಂದು ಹೊಸತು ಕಾಣುವುದುಂಟು. ಗರ್ಭಗುಡಿಯ ಗೋಡೆಗಳ ಬುಡಕ್ಕೆ ಒತ್ತುಗೊಟ್ಟಂತೆ, ಮೆಟ್ಟಿಲು ಮೆಟ್ಟಿಲಾಗಿ ಹೊರಚಾಚಿದ ಬೃಹತ್ತಾದ ಅಧಿಷ್ಠಾನವೊಂದು ಕಟ್ಟಡವನ್ನು ಸುತ್ತಲೂ ಹಿಡಿದು ನಿಂತಿದೆ. ಶಿಖರದ ತಲೆಗೂ ಈ ಬುಡಕ್ಕೂ ನಡುವೆ ಗೋಡೆಯು ಸೊಂಟದಂತೆ ಸಣ್ಣಗಾಗಿ ತೋರುತ್ತದೆ. ಮಳೆಗಾಲದ ಪ್ರವಾಹವನ್ನು ಬಲ್ಲ ಪ್ರೇಕ್ಷಕನಿಗೆ, ಹೊಳೆಯ ನೆರೆಯಲ್ಲಿ ಕಟ್ಟಿದವರು ಬುಡವನ್ನು ಇಷ್ಟು ಭದ್ರಗೊಳಿಸಿದುದು ಸಹಜವೆಂದೇ ತೋರೀತು. ಈಗ ಈ ಗುಡಿ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ.

ಇದೇ ದಂಡೆಯನ್ನು ಹಿಡಿದು ಹೊಳೆಯ ಮೇಲ್ಗಡೆಗೆ ಸಾಗಿದರೆ ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರ. ಅಲ್ಲಿ ಮುಕ್ತೇಶ್ವರನ ಸುಂದರ ದೇಗುಲವಿದೆ. ದೋಣಿ ನಡೆಸಿ ಬದುಕಿದ, ನೇರ ನುಡಿಯ ವಚನಕಾರ ಅಂಬಿಗರ ಚೌಡಯ್ಯನ ನೆನಪು ಆ ಊರಿನ ಹೆಸರಿನಲ್ಲೇ ಉಳಿದಿದೆ.

ಅಂಬಿಗರಿಗೆ ಹೊಳೆ ದಾಟುವ ದಾರಿಯಾಗಿತ್ತು. ಸರ್ಕಾರಗಳಿಗೆ ಅದೊಂದು ಗಡಿಯಾಯಿತು. ಬ್ರಿಟಿಷರ ಆಳ್ವಿಕೆಯಲ್ಲಿ ಗಳಗನಾಥವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ತುಂಗಭದ್ರೆಯ ಆಚೆಗಿರುವ ಹಡಗಲಿಯ ಸೀಮೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯದು. ಎರಡು ದಂಡೆಗಳಲ್ಲಿಯೂ ಮಾತು ಒಂದೇ. ಆದರೆ ಕಾಗದಪತ್ರ ಹೋಗಬೇಕಾದ ರಾಜಧಾನಿಗಳು ಬೇರೆ, ಅವುಗಳಲ್ಲಿ ಒಂದೂ ಕನ್ನಡದ್ದಲ್ಲ. ಈಚೆ ದಂಡೆಯಲ್ಲಿ ಕಚೇರಿ, ಶಾಲೆಗಳೊಳಗೆ ಮರಾಠಿಯ ಪ್ರಭಾವ ಬಲವಾಗಿತ್ತು. ಓದು ಬಲ್ಲ ಕನ್ನಡಿಗರು ಮರಾಠಿಯ ಕಥೆಗಳನ್ನೇ ಓದುತ್ತಿದ್ದ ಕಾಲ. ಆ ಸ್ಥಿತಿಗೆ ಉತ್ತರವಾಗಿಯೇ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು.

ಅಂಥ ಕಾಲದಲ್ಲಿ, 1869ರಲ್ಲಿ, ಈ ಊರಿನಲ್ಲಿ ಜನಿಸಿದವರು ವೆಂಕಟೇಶ ತಿರಕೋ ಕುಲಕರ್ಣಿ. ಶಾಲಾಶಿಕ್ಷಕರಾಗಿದ್ದ ಅವರು ಬರೆಹಕ್ಕೆ ಊರ ಹೆಸರನ್ನೇ ಇಟ್ಟುಕೊಂಡು ‘ಗಳಗನಾಥ’ರಾದರು. ಹಾವೇರಿಯ ಹತ್ತಿರದ ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಗೆ ಅವರೇ ಸಂಪಾದಕರು. ಅವರ ಲೇಖನಿಯಿಂದ ‘ಪ್ರಬುದ್ಧ ಪದ್ಮನಯನೆ’, ‘ಕುಮುದಿನಿ’, ‘ಮಾಧವ ಕರುಣಾವಿಲಾಸ’ ಮೊದಲಾದ ಕಾದಂಬರಿಗಳು ಬಂದವು. ಮರಾಠಿಯ ಹರಿ ನಾರಾಯಣ ಆಪಟೆಯವರ ಕೃತಿಗಳನ್ನು ಅವರು ಕನ್ನಡಕ್ಕೆ ಒಗ್ಗಿಸಿದರು. ವಿಜಯನಗರದ ಪತನವನ್ನು ಹೇಳುವ ‘ಕನ್ನಡಿಗರ ಕರ್ಮಕಥೆ’ ಅಂಥದೊಂದು. ಯಾವ ಭಾಷೆಯ ಕಥೆಗಳು ಕನ್ನಡಿಗರನ್ನು ಹಿಡಿದಿಟ್ಟಿದ್ದವೋ ಅದೇ ಭಾಷೆಯಿಂದ ಕಥೆಯನ್ನು ತಂದು ಕನ್ನಡದ ಓದುಗರನ್ನು ಬೆಳೆಸಿದುದು ಅವರ ಜಾಣ್ಮೆ. ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರುತ್ತಿದ್ದರೆಂದು ಜನ ಇಂದಿಗೂ ಹೇಳುತ್ತಾರೆ. ವಾರವಾರವೂ ಧಾರಾವಾಹಿಗಾಗಿ ಕಾಯುವ ಇಂದಿನ ಕುಟುಂಬಗಳು ಆ ಹೊರೆಗೆ ಕೊಂಚವಾದರೂ ಋಣಿಗಳಲ್ಲವೆ?

ಗಳಗನಾಥರು 1942ರಲ್ಲಿ ತೀರಿಕೊಂಡರು. ಹೊಳೆಯ ಆಚೆ ದಂಡೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಈಚೆ ದಂಡೆ 1956ರ ನವೆಂಬರ್ 1ರಂದು. ತುಂಗಭದ್ರೆ ಪ್ರಾಂತಗಳ ಗಡಿಯಾಗಿದ್ದ ಕಾಲ ಮುಗಿಯಿತು. ಅದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಗಿ, ಗಳಗನಾಥ ಅದರ ಪೂರ್ವದ ಅಂಚಿನ ಊರುಗಳಲ್ಲಿ ಒಂದಾಯಿತು.

ಊರಿನಿಂದ ಲೇಖಕನಿಗೆ ಹೆಸರು ಬಂದಿತು. ಲೇಖಕನಿಂದ ಊರಿನ ಹೆಸರು ದೂರದೂರಕ್ಕೆ ಹೋಯಿತು. ಗುಡಿಯ ಕಲ್ಲುಗಳನ್ನು ಕಾಯಲು ಸರ್ಕಾರದ ಇಲಾಖೆಯಿದೆ. ಆದರೆ ಗಳಗನಾಥರ ಕಾದಂಬರಿಗಳನ್ನು ಓದಿದವರು ಇಂದು ಎಷ್ಟು ಮಂದಿ ಸಿಕ್ಕಾರು? ಹಾವೇರಿಗೆ ಹೋಗುವವರು ಒಂದು ದಿನವನ್ನು ಈ ಊರಿಗಾಗಿ ಎತ್ತಿಡಲಿ; ಹೋಗುವ ಮೊದಲು ಆ ಕಾದಂಬರಿಗಳಲ್ಲಿ ಒಂದನ್ನಾದರೂ ಹುಡುಕಿ ಓದಲಿ. ಆಗ ಸಂಗಮದ ದಂಡೆಯಲ್ಲಿ ನಿಂತವರಿಗೆ ಹೊಳೆಯ ಜೊತೆಗೆ ಊರೂ ಪರಿಚಿತವೆನಿಸುವುದು.