ರಾಬಿನ್ ಸತ್ತದ್ದು ಬಹುಮತದಿಂದ

ಬ್ಯಾಟ್‌ಮನ್ ಓದುವವರಲ್ಲಿ ಎರಡು ಪಂಗಡ. ರಾಬಿನ್ ಆಗಿದ್ದ ಜೇಸನ್ ಟಾಡ್ ಸತ್ತದ್ದೇ ಸರಿ ಅನ್ನುವವರದ್ದು ಒಂದು, ಸಾಯಬಾರದಿತ್ತು ಅನ್ನುವವರದ್ದು ಇನ್ನೊಂದು. 'ಎ ಡೆತ್ ಇನ್ ದ ಫ್ಯಾಮಿಲಿ' ಪುಸ್ತಕವಾಗಿ ಬಂದು ಮೂರೂವರೆ ದಶಕ ಆಯಿತು, ಜಗಳ ಇನ್ನೂ ಇತ್ಯರ್ಥವಾಗಿಲ್ಲ. ನಾನು ಎರಡನೆಯ ಪಂಗಡದವನು. ಹಾಗಂತ ಅದು ಒಳ್ಳೆಯ ಪುಸ್ತಕ ಎಂದು ವಾದಿಸುವುದಕ್ಕೆ ನನ್ನನ್ನು ಕರೆಯಬೇಡಿ, ನಾನು ಬರುವುದಿಲ್ಲ.

ರಾಬಿನ್ ಎಂಬುದು ಒಬ್ಬ ಮನುಷ್ಯನ ಹೆಸರಲ್ಲ, ಬ್ಯಾಟ್‌ಮನ್ನನ ಜೊತೆಗಾರನ ಹುದ್ದೆ. 1940ರಲ್ಲಿ ಆ ಹುದ್ದೆಗೆ ಬಂದವನು ಡಿಕ್ ಗ್ರೇಸನ್, ಸರ್ಕಸ್ಸಿನ ಹುಡುಗ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಹಸಿರು ಚಡ್ಡಿಯಲ್ಲೇ ಸೇವೆ ಸಲ್ಲಿಸಿ, 1984ರಲ್ಲಿ ನೈಟ್‌ವಿಂಗ್ ಎಂಬ ಹೆಸರಿಟ್ಟುಕೊಂಡು ತನ್ನ ದಾರಿ ಹಿಡಿದ. ಅಷ್ಟರಲ್ಲೇ, 1983ರಲ್ಲಿ, ಜೇಸನ್ ಟಾಡ್ ಬಂದಾಗಿತ್ತು. ಅವನೂ ಸರ್ಕಸ್ಸಿನವನೇ, ಅವನ ಅಪ್ಪ ಅಮ್ಮನೂ ಕೊಲೆಯಾದವರೇ. ಹಳೆಯ ಅಚ್ಚಿನಲ್ಲೇ ಎರಕ ಹೊಯ್ದ ಹುಡುಗ. 1987ರಲ್ಲಿ ಕಾಮಿಕ್ಸ್ ಪ್ರಕಟಿಸುವ ಕಂಪನಿಯವರು ಅವನ ಪೂರ್ವಕಥೆಯನ್ನೇ ಅಳಿಸಿ ಬೇರೆ ಬರೆದರು. ಹೊಸ ಜೇಸನ್ ಬೀದಿಯ ಹುಡುಗ, ಗಲ್ಲಿಯಲ್ಲಿ ನಿಂತಿದ್ದ ಬ್ಯಾಟ್‌ಮನ್ನನ ಕಾರಿನ ಚಕ್ರಗಳನ್ನೇ ಬಿಚ್ಚುತ್ತಾ ಸಿಕ್ಕಿಬಿದ್ದವನು. ಇಡೀ ಗಾಥಮ್ ನಗರದ ಕಳ್ಳರು ಯಾವ ಕಾರು ಕಂಡರೆ ಓಡಿಹೋಗುತ್ತಾರೋ ಅದರ ಟೈರು ಕದಿಯಲು ಹೋದ ಪೋರ! ನನಗೆ ಅಲ್ಲೇ ಅವನು ಹಿಡಿಸಿಬಿಟ್ಟ.

ಬಹಳ ಜನಕ್ಕೆ ಹಿಡಿಸಲಿಲ್ಲ. ಎದುರು ಮಾತಾಡುತ್ತಾನೆ, ಮುಂಗೋಪಿ, ಹೇಳಿದ ಮಾತು ಕೇಳುವುದಿಲ್ಲ ಎಂದು ಓದುಗರ ಗೊಣಗಾಟ. ಕಥೆ ಬರೆಯುತ್ತಿದ್ದ ಜಿಮ್ ಸ್ಟಾರ್ಲಿನ್‌ಗೂ ರಾಬಿನ್ ಎಂದರೆ ಅಷ್ಟಕ್ಕಷ್ಟೇ. 1988ರ ಒಂದು ಸಂಚಿಕೆಯಲ್ಲಿ, ಹೆಣ್ಣೊಬ್ಬಳ ಸಾವಿಗೆ ಕಾರಣನಾಗಿಯೂ ರಾಜತಾಂತ್ರಿಕನ ಮಗನೆಂಬ ರಕ್ಷಣೆಯಲ್ಲಿ ತಪ್ಪಿಸಿಕೊಂಡ ಒಬ್ಬ ದುಷ್ಟ ಮಾಳಿಗೆಯಿಂದ ಬಿದ್ದು ಸಾಯುತ್ತಾನೆ. ಆಗ ಅಲ್ಲಿದ್ದವನು ಜೇಸನ್ ಒಬ್ಬನೇ. ತಳ್ಳಿದನೋ, ಅವನೇ ಜಾರಿದನೋ? ಜೇಸನ್ ಹೇಳುವುದು ಒಂದು, ಬ್ಯಾಟ್‌ಮನ್ನನ ಮುಖ ಹೇಳುವುದು ಇನ್ನೊಂದು. ಹುಡುಗನ ಮೇಲಿನ ಚಾರ್ಜ್‌ಶೀಟ್ ಅಲ್ಲಿಗೆ ತಯಾರಾಗಿತ್ತು.

ಸಂಪಾದಕ ಡೆನಿಸ್ ಓ'ನೀಲ್‌ಗೆ ಆಗ ಹಳೆಯ ಟಿ.ವಿ. ತಮಾಷೆಯೊಂದು ನೆನಪಿಗೆ ಬಂತು. 'ಸ್ಯಾಟರ್ಡೇ ನೈಟ್ ಲೈವ್' ಕಾರ್ಯಕ್ರಮದಲ್ಲಿ ಎಡ್ಡಿ ಮರ್ಫಿ ಒಂದು ಜೀವಂತ ಸಿಗಡಿಯನ್ನು, ಲ್ಯಾರಿ ಎಂಬ ಹೆಸರಿನ ಲಾಬ್‌ಸ್ಟರನ್ನು ಹಿಡಿದುಕೊಂಡು, ಬೇಯಿಸಲೋ ಬಿಡಲೋ ಫೋನ್ ಮಾಡಿ ಹೇಳಿ ಎಂದಿದ್ದ. ಲಕ್ಷಗಟ್ಟಲೆ ಕರೆ ಬಂದಿದ್ದವು. ಸಿಗಡಿಗೆ ಆಗುವುದಾದರೆ ರಾಬಿನ್‌ಗೇಕೆ ಆಗಬಾರದು? ಬ್ಯಾಟ್‌ಮನ್ 427ನೇ ಸಂಚಿಕೆಯ ಕೊನೆಯಲ್ಲಿ ಸ್ಫೋಟ, ಮುಂದೆ ಎರಡು ಫೋನ್ ನಂಬರು. ಒಂದು ಬದುಕಿಸಲು, ಒಂದು ಸಾಯಿಸಲು. ಕರೆಗೆ 50 ಸೆಂಟ್. ನಮ್ಮ ಕಡೆ ಆ ಕಾಲಕ್ಕೆ ಮನೆಗೆ ಫೋನ್ ಬೇಕೆಂದು ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಿದ್ದರು; ಸಾವಿನ ಸುದ್ದಿಗೆ ಟೆಲಿಗ್ರಾಮೇ ಗತಿ. ಅಮೆರಿಕದಲ್ಲಿ ಸಾವನ್ನು ತರಿಸಿಕೊಳ್ಳುವುದಕ್ಕೇ ಫೋನ್ ಮಾಡುತ್ತಿದ್ದರು.

1988ರ ಸೆಪ್ಟೆಂಬರಿನಲ್ಲಿ ಸುಮಾರು ಒಂದೂವರೆ ದಿನ ಲೈನು ತೆರೆದಿತ್ತು. ಬಂದ ಕರೆ 10,614. ಸಾಯಲಿ ಎಂದವು 5,343, ಬದುಕಲಿ ಎಂದವು 5,271. ಅಂತರ 72. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಾಗಿದ್ದರೆ ಮರುಎಣಿಕೆ ಕೇಳುತ್ತಿದ್ದರು. ಯಾರೋ ಒಬ್ಬ ತನ್ನ ಕಂಪ್ಯೂಟರಿಗೆ ಹೇಳಿಕೊಟ್ಟು 'ಸಾಯಲಿ' ನಂಬರಿಗೆ ಮತ್ತೆ ಮತ್ತೆ ಕರೆ ಹೋಗುವಂತೆ ಮಾಡಿದ್ದನೆಂಬ ವದಂತಿಯನ್ನು ಓ'ನೀಲ್ ತಾನೇ ಮುಂದೆ ಹೇಳಿದ್ದುಂಟು. ನಿಜವೋ ಸುಳ್ಳೋ, ಓದುಗರು ರಾಬಿನ್‌ನನ್ನು ಕೊಂದರು ಎಂಬ ಮಾತು ಮಾತ್ರ ಗಾದೆಯಂತೆ ನಿಂತುಬಿಟ್ಟಿದೆ. ಬದುಕಿಸಲೆಂದು ದುಡ್ಡು ಕೊಟ್ಟು ಮಾಡಿದ ಆ ಐದು ಸಾವಿರದ ಚಿಲ್ಲರೆ ಕರೆಗಳ ಹೆಸರೆತ್ತುವವರಿಲ್ಲ.

ಈಗ ಪುಸ್ತಕಕ್ಕೆ ಬರೋಣ. ನಾನು ಇದನ್ನು ಓದಿದ್ದು ಬಿಡಿ ಸಂಚಿಕೆಗಳಲ್ಲಲ್ಲ, ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸಿಕ್ಕಿದ ಸಂಕಲನದಲ್ಲಿ. ಕಥೆ ಹೀಗಿದೆ: ಜೇಸನ್ ತನ್ನ ಹೆತ್ತ ತಾಯಿಯನ್ನು ಹುಡುಕಿಕೊಂಡು ಹೊರಡುತ್ತಾನೆ, ಬ್ಯಾಟ್‌ಮನ್ ತನ್ನ ಹಳೆಯ ವೈರಿ ಜೋಕರ್‌ನನ್ನು ಹುಡುಕಿಕೊಂಡು. ಇಬ್ಬರೂ ಲೆಬನಾನ್‌ನಲ್ಲಿ ಆಕಸ್ಮಿಕವಾಗಿ ಎದುರಾಗುತ್ತಾರೆ. ಇಂಥ ಆಕಸ್ಮಿಕ ನಮ್ಮ ಹಳೆಯ ಸಿನಿಮಾದಲ್ಲಿ ಜಾತ್ರೆಯಲ್ಲಿ ಕಳೆದುಹೋದ ಅಣ್ಣತಮ್ಮಂದಿರಿಗೂ ಒದಗಿರಲಾರದು. ಕೊನೆಗೆ ಜೋಕರ್ ವಿಶ್ವಸಂಸ್ಥೆಗೆ ಇರಾನಿನ ರಾಯಭಾರಿಯಾಗಿ ಬರುತ್ತಾನೆ. ಹೌದು, ಸರಿಯಾಗಿಯೇ ಓದಿದಿರಿ. ಈ ಪುಸ್ತಕದ ಬಗ್ಗೆ ಓದುಗರು ಆಡಿಕೊಳ್ಳುವುದೆಲ್ಲ ಹೆಚ್ಚುಕಡಿಮೆ ಇಲ್ಲೇ, ಅದಕ್ಕೆ ನನ್ನ ತಕರಾರೂ ಇಲ್ಲ.

ಆದರೆ ಇಥಿಯೋಪಿಯಾದ ಆ ಗೋದಾಮಿನ ಪುಟಗಳಿವೆಯಲ್ಲ, ಅವನ್ನು ಸುಲಭಕ್ಕೆ ದಾಟಲಾಗುವುದಿಲ್ಲ. ತಾಯಿ ಶೀಲಾ ಸಿಕ್ಕಿದ್ದಾಳೆ, ಸಿಕ್ಕ ತಾಯಿಯೇ ಮಗನನ್ನು ಜೋಕರ್‌ನ ಕೈಗೆ ಒಪ್ಪಿಸಿದ್ದಾಳೆ. ಜೋಕರ್ ಕಬ್ಬಿಣದ ಸಲಾಕೆ ಎತ್ತುತ್ತಾನೆ. ಚಿತ್ರಕಾರ ಜಿಮ್ ಅಪಾರೊ ಅಲ್ಲಿ ಆ ತಾಯಿಯನ್ನೂ ತೋರಿಸುತ್ತಾನೆ: ಅವಳು ಸಿಗರೇಟು ಸೇದುತ್ತಿದ್ದಾಳೆ. ಆಮೇಲೆ ಜೋಕರ್ ಅವಳನ್ನೂ ಕಟ್ಟಿಹಾಕಿ, ಬಾಂಬಿಟ್ಟು, ಬಾಗಿಲು ಹಾಕಿಕೊಂಡು ಹೋಗುತ್ತಾನೆ. ಅಷ್ಟು ಏಟು ತಿಂದ ಹುಡುಗ ತೆವಳಿಕೊಂಡು ಹೋಗಿ ಅವಳ ಕಟ್ಟು ಬಿಚ್ಚುತ್ತಾನೆ. ಬಾಗಿಲು ತೆರೆಯುವುದಿಲ್ಲ. ಸ್ಫೋಟ.

ಪುಟ ತಿರುಗಿಸಿದರೆ ಮುಂದಿನ ಅಧ್ಯಾಯ. ಬ್ಯಾಟ್‌ಮನ್ ಅವಶೇಷ ಕೆದಕುತ್ತಾನೆ, ಹುಡುಗ ಸತ್ತಿದ್ದಾನೆ. ಒಂದು ಹಾಳೆ ಮಗುಚುವಷ್ಟು ಹೊತ್ತು, ಅಷ್ಟೇ. ಆ ಎರಡು ಪುಟಗಳ ನಡುವೆ ಎಷ್ಟೋ ದಿನದ ಕಾಯುವಿಕೆ, ಹತ್ತು ಸಾವಿರ ಫೋನ್ ಕರೆ, ಸ್ಕೂಲು ಮಕ್ಕಳ ಬೈಗುಳ, ಅಪ್ಪನ ಫೋನ್ ಬಿಲ್ಲು ಎಲ್ಲ ಇದ್ದವು. ಕೊಟ್ಟೆ ಕಡುಬಿನ ಎಲೆ ಬಿಚ್ಚಿ ಹಿತ್ತಲಿಗೆಸೆದು ಕಡುಬನ್ನಷ್ಟೇ ತಟ್ಟೆಗಿಟ್ಟ ಹಾಗೆ, ಸಂಕಲನ ನಮಗೆ ಕಥೆಯನ್ನಷ್ಟೇ ಬಡಿಸುತ್ತದೆ. ಇಲ್ಲಿ ಮಾತ್ರ ಕಥೆ ಹುಟ್ಟಿದ್ದೇ ಆ ಎಲೆಯಲ್ಲಿ.

ಅಮೆರಿಕದ ಸೂಪರ್‌ಹೀರೋ ಕಾಮಿಕ್ಸಿನಲ್ಲಿ ಓದುಗರ ಪತ್ರಗಳ ಪುಟಕ್ಕೆ ದೊಡ್ಡ ಮರ್ಯಾದೆಯಿತ್ತು. 1960ರ ದಶಕದ ಆರಂಭದಲ್ಲಿ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಪತ್ರ ಬರೆದವರ ಪೂರ್ತಿ ವಿಳಾಸವನ್ನೇ ಅಚ್ಚು ಹಾಕತೊಡಗಿದ. ಓದುಗರು ಒಬ್ಬರಿಗೊಬ್ಬರು ಬರೆದುಕೊಂಡು ಬಳಗ ಕಟ್ಟಿಕೊಂಡರು. ಮಾರ್ವೆಲ್‌ನ ಸ್ಟ್ಯಾನ್ ಲೀ ಇನ್ನೂ ಚಾಲಾಕಿ. ಕಥೆಯಲ್ಲಿ ತಪ್ಪು ಹುಡುಕಿ, ಅದು ತಪ್ಪೇ ಅಲ್ಲವೆಂದು ಸಮರ್ಥಿಸಿಯೂ ಬರೆದವರಿಗೆ ಅಂಚೆಯಲ್ಲಿ ಬಹುಮಾನ ಬರುತ್ತಿತ್ತು. ಒಡೆದರೆ ಖಾಲಿ ಲಕೋಟೆ! 1963ರ 'ಫೆಂಟಾಸ್ಟಿಕ್ ಫೋರ್' 20ನೇ ಸಂಚಿಕೆಯಲ್ಲಿ ಮೆಚ್ಚುಗೆಯ ಪತ್ರ ಬರೆದಿದ್ದ ಹುಡುಗನೊಬ್ಬ ಮುಂದೆ 'ಎ ಗೇಮ್ ಆಫ್ ಥ್ರೋನ್ಸ್' ಬರೆದ: ಜಾರ್ಜ್ ಆರ್.ಆರ್. ಮಾರ್ಟಿನ್. ಪತ್ರ ಬರೆಯುವವನು ಕಾರಣ ಕೊಡಬೇಕಾಗುತ್ತದೆ. ಇಷ್ಟವಿಲ್ಲ ಎಂದಮೇಲೆ ಯಾಕೆಂದು ನಾಲ್ಕು ಸಾಲು ಬರೆಯಬೇಕು, ಬರೆಯುತ್ತಾ ಒಮ್ಮೊಮ್ಮೆ ಮನಸ್ಸೂ ಬದಲಾದೀತು. 50 ಸೆಂಟಿನ ಕರೆಗೆ ಆ ರಗಳೆ ಇಲ್ಲ. ನನಗೆ ಈ ಮತದಾನದಲ್ಲಿ ಕಿರಿಕಿರಿಯಾಗುವುದು ಸಾವಿನಿಂದಲ್ಲ, ಕಾರಣ ಕೇಳದೆ ತೀರ್ಪನ್ನಷ್ಟೇ ಇಸಿದುಕೊಂಡದ್ದರಿಂದ.

ನಮ್ಮ ದೊಡ್ಡಮ್ಮನಿಗೆ ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನು ಕತ್ತರಿಸಿ, ದಬ್ಬಳದಲ್ಲಿ ಹೊಲಿದು, ಕ್ಯಾಲಿಕೋ ಹಾಕಿ ಬೈಂಡು ಮಾಡಿಸುವ ಅಭ್ಯಾಸವಿತ್ತು. ಆ ಕಾಲದ ಎಷ್ಟೋ ಮನೆಗಳಲ್ಲಿ ಅಂಥ ಸಂಪುಟಗಳಿದ್ದವು. ಕತ್ತರಿಸಿದ ಹಾಳೆಯ ಹಿಂಬದಿಯನ್ನು ಯಾರಿಂದಲೂ ಎಸೆಯಲಾಗುವುದಿಲ್ಲವಲ್ಲ. ಹಾಗಾಗಿ ಕಾದಂಬರಿಯ ಜೊತೆಗೇ ಕೂದಲೆಣ್ಣೆಯ ಜಾಹೀರಾತು, ಅರ್ಧ ನಗೆಹನಿ, ಕಾಲು ಭಾಗ ಕತ್ತರಿಸಿಹೋದ ಓದುಗರ ಪತ್ರ ಎಲ್ಲವೂ ಉಳಿದುಕೊಂಡವು. ನಾಯಕಿಗೆ ಅಷ್ಟು ಕಷ್ಟ ಕೊಡಬೇಡಿ ಎಂದು ಲೇಖಕಿಯನ್ನು ಬೇಡಿಕೊಂಡ ಪತ್ರವೊಂದರಲ್ಲಿ ಬರೆದವರ ಊರಿನ ಹೆಸರು ಕತ್ತರಿಗೆ ಸಿಕ್ಕಿ ಹೋಗಿತ್ತು, 'ಪುರ' ಮಾತ್ರ ಉಳಿದಿತ್ತು. ಅಂಗಡಿಯಲ್ಲಿ ಸಿಗುವ ಅದೇ ಕಾದಂಬರಿಯಲ್ಲಿ ಆ ಬೇಡಿಕೆಯ ಸುಳಿವೂ ಇಲ್ಲ.

ಅತ್ತ, ರಾಬಿನ್ ಸತ್ತಮೇಲೆ ಕಂಪನಿಯಲ್ಲಿ ಗದ್ದಲವೆದ್ದಿತು. ಊಟದ ಡಬ್ಬಿ, ಪೈಜಾಮ ಎಲ್ಲದರ ಮೇಲೂ ರಾಬಿನ್ ಇದ್ದನಲ್ಲ, ಸರಕು ಮಾರುವ ವಿಭಾಗದವರಿಗೆ ಸಿಟ್ಟು ಬಂತೆಂದೂ ತನಗೆ ಅಲ್ಲಿ ಕೆಲಸ ಕಡಿಮೆಯಾಯಿತೆಂದೂ ಸ್ಟಾರ್ಲಿನ್ ಹೇಳಿಕೊಂಡಿದ್ದಾರೆ. 1989ರಲ್ಲೇ ಹೊಸ ರಾಬಿನ್ ಬಂದ. ಟಿಮ್ ಡ್ರೇಕ್. ಅವನು ಬಂದ ರೀತಿ ನೋಡಿ: ಬ್ಯಾಟ್‌ಮನ್ ಸುದ್ದಿಯ ಪೇಪರ್ ಕಟಿಂಗ್‌ಗಳನ್ನು ಕೂಡಿಟ್ಟು, ಗುಟ್ಟನ್ನು ತಾನೇ ಬಿಡಿಸಿ, ಜೇಸನ್ ಹೋದಮೇಲೆ ಬ್ಯಾಟ್‌ಮನ್ ಹಳಿ ತಪ್ಪುತ್ತಿದ್ದಾನೆ, ಅವನಿಗೊಬ್ಬ ರಾಬಿನ್ ಬೇಕೇ ಬೇಕು ಎಂದು ಮನೆ ಬಾಗಿಲಿಗೇ ಬರುತ್ತಾನೆ. ಪತ್ರ ಬರೆಯುವ ಓದುಗನನ್ನೇ ಎಬ್ಬಿಸಿ ತಂದು ಕೆಂಪು ಅಂಗಿ ತೊಡಿಸಿದ್ದಾರೆ! 2011ರ ಸಂಕಲನದಲ್ಲಿ ಈ ಕಥೆಯನ್ನೂ ಜೇಸನ್ ಸಾವಿನ ಬೆನ್ನಿಗೇ ಸೇರಿಸಿದ್ದಾರೆ. ಜಾಣ ಕೆಲಸ. ದೂರುವವರ ಬಾಯಿಗೆ ಅದೇ ರಟ್ಟಿನೊಳಗೆ ಸಮಾಧಾನ.

ಅಪಾರೊ ಬದುಕುವ ಜೇಸನ್‌ನನ್ನೂ ಬರೆದಿಟ್ಟಿದ್ದ. ಮತ ಹೇಗೇ ಬಿದ್ದರೂ ಪುಟ ಸಿದ್ಧವಿರಬೇಕಲ್ಲ. 2023ರಲ್ಲಿ ಆ ಪುಟಗಳನ್ನು ಸೇರಿಸಿ, 428ನೇ ಸಂಚಿಕೆಯನ್ನು ಹುಡುಗ ಬದುಕಿದ ರೂಪದಲ್ಲಿ ಅಚ್ಚು ಹಾಕಿದರು. ಮರುವರ್ಷ ಜೆ.ಎಂ. ಡಿಮಾಟೈಸ್ ಅಲ್ಲಿಂದ ಮುಂದಿನ ಕಥೆಯನ್ನೂ ಬರೆದರು. ಸೋತ ಪಕ್ಷಕ್ಕೆ ಹೀಗೆ ಮೂವತ್ತೈದು ವರ್ಷ ತಡವಾಗಿ ಸರ್ಕಾರ ರಚಿಸುವ ಅವಕಾಶ ಸಿಕ್ಕಿದ್ದು ಇನ್ನೆಲ್ಲೂ ಕೇಳಿಲ್ಲ.

ಆದರೆ ನನಗೆ ಮುಖ್ಯವೆನಿಸುವುದು ಅದಕ್ಕೂ ಮೊದಲು ಬಂದ ಜೇಸನ್. 2005ರಲ್ಲಿ ಲೇಖಕ ಜಡ್ ವಿನಿಕ್ ಅವನನ್ನು ಸಾವಿನಿಂದ ಎಬ್ಬಿಸಿ ತಂದರು, ತಲೆಗೆ ಕೆಂಪು ಮುಸುಕು, ಕೈಯಲ್ಲಿ ಬಂದೂಕು. ಎದುರಿಗೆ ನಿಲ್ಲಿಸಿಕೊಂಡು ಅವನು ಬ್ಯಾಟ್‌ಮನ್‌ನನ್ನು ಕೇಳುವುದು ನನ್ನನ್ನು ಯಾಕೆ ಉಳಿಸಲಿಲ್ಲ ಎಂದಲ್ಲ; ನನ್ನನ್ನು ಕೊಂದ ಜೋಕರ್ ಇನ್ನೂ ಯಾಕೆ ಬದುಕಿದ್ದಾನೆ ಎಂದು. 1988ರ ಆ ಪ್ರಕಟಣೆಯಲ್ಲಿ ಈ ಪ್ರಶ್ನೆಗೆ ನಂಬರೇ ಇರಲಿಲ್ಲ. ಇದ್ದಿದ್ದರೆ ಬ್ಯಾಟ್‌ಮನ್ ಓದುವ ಎರಡೂ ಪಂಗಡ ಕೂಡಿ ಕರೆ ಮಾಡುತ್ತಿದ್ದವೇನೋ. ಕಂಪನಿ ಆ ಮತ ಕೇಳುವ ಪೈಕಿಯಲ್ಲ: ರಾಬಿನ್‌ಗಾದರೆ ಬದಲಿ ಹುಡುಗರು ಸಿಗುತ್ತಾರೆ, ಜೋಕರ್ ಇಲ್ಲದೆ ಮುಂದಿನ ತಿಂಗಳ ಸಂಚಿಕೆ ಮಾರುವುದು ಕಷ್ಟ.