ಗಾಲಿಯ ಓರೆ

ನಿಂತ ಮೋಟಾರು ಗಾಡಿಯನ್ನು ಎದುರಿನಿಂದ ನೋಡುವವರಿಗೆ ಅದರ ಗಾಲಿಗಳು ನೆಟ್ಟಗೆ ನಿಂತಿರುವಂತೆಯೇ ತೋರುವುದು. ವಾಸ್ತವವಾಗಿ ಅವು ನೆಟ್ಟಗಿರುವುದಿಲ್ಲ. ವೇಗವಾಗಿ ತಿರುವು ಹಾಯಬೇಕಾದ ಗಾಡಿಯಲ್ಲಂತೂ ನೆಟ್ಟಗಿರಲೂ ಕೂಡದು. ಈ ಓರೆಗಳು ಎಷ್ಟೆಷ್ಟಿರಬೇಕೆಂದು ಗೊತ್ತುಮಾಡುವ ಕೆಲಸಕ್ಕೆ ವ್ಹೀಲ್ ಅಲೈನ್‌ಮೆಂಟ್ ಎಂದು ಹೆಸರು. ನಮ್ಮ ಜಿಲ್ಲೆಯ ಟೈರು ಅಂಗಡಿಗಳ ಫಲಕಗಳ ಮೇಲೂ ಈ ಮಾತನ್ನು ವಾಚಕರು ಕಂಡಿರಬಹುದು. ಅದರೊಳಗೆ ಒಂದು ಸಂಸಾರದ ನ್ಯಾಯವೂ ಅಡಗಿರಬಹುದೆಂಬುದು ನನಗೆ ತಿಳಿದುಬಂದುದು ಕ್ಯಾಲಿಫೋರ್ನಿಯದಲ್ಲಿ, ನಾನೂ ನನ್ನ ಹೆಂಡತಿಯೂ ಒಂದೇ ಗಾಡಿಯನ್ನು ಹಂಚಿಕೊಂಡ ಮೇಲೆ.

ಗಾಡಿ ಮಾಜ್ಡಾ ಕಂಪೆನಿಯ ಮಿಯಾಟಾ. 1989ರಲ್ಲಿ ಮೊದಲು ಬಂದ ಈ ಜಾತಿಯಲ್ಲಿ ಎರಡನೆಯ ತಲೆಮಾರಿನದು ನಮ್ಮದು. ಎರಡೇ ಆಸನ, ಮಡಿಸಿಡಬಹುದಾದ ಬಟ್ಟೆಯ ಹೊದಿಕೆ, ತೂಕ ಒಂದು ಟನ್ನಿಗೆ ತುಸು ಮೇಲೆ. ವಾರದಲ್ಲಿ ಐದು ದಿನ ಆಕೆ ಅದರಲ್ಲಿ ಸಾನ್ ಹೋಸೆಯಿಂದ ಸಾಂಟಾ ಕ್ರೂಜಿಗೆ ಕೆಲಸಕ್ಕೆ ಹೋಗಿಬರುತ್ತಾಳೆ. ದಾರಿ ಬೆಟ್ಟದ ಮೇಲಿನ 17ನೆಯ ನಂಬರಿನ ಹೆದ್ದಾರಿ. ತಿರುವುಗಳು ಬಹಳ, ನಡುವೆ ಸಿಮೆಂಟಿನ ಗೋಡೆ, ಚಳಿಗಾಲವೆಂದರೆ ಮಳೆ. ತಿಂಗಳಿಗೋ ಎರಡು ತಿಂಗಳಿಗೋ ಒಂದು ಭಾನುವಾರ ನಾನು ಅದೇ ಗಾಡಿಯನ್ನು ಸುಮಾರು 110 ಕಿಲೋಮೀಟರು ದಕ್ಷಿಣಕ್ಕೆ, ಮಾಂಟರೇ ಊರಿನ ಬಳಿ ಇರುವ ಲಗೂನಾ ಸೇಕಾ ಎಂಬ ಪಂದ್ಯದ ಹಾದಿಗೆ ಒಯ್ಯುತ್ತೇನೆ. 1957ರಲ್ಲಿ ತೆರೆದ ಹಾದಿ ಅದು. ಸುತ್ತು ಸುಮಾರು 3.6 ಕಿಲೋಮೀಟರು, ತಿರುವು 11. ಅವುಗಳಲ್ಲಿ ‘ಕಾರ್ಕ್‌ಸ್ಕ್ರೂ’ ಎಂಬುದು ಎಡಕ್ಕೆ ಹೊರಳಿ ಕೂಡಲೆ ಬಲಕ್ಕೆ ಹೊರಳುತ್ತ ಐದಾರು ಅಂತಸ್ತಿನ ಮನೆಯಷ್ಟು ಕೆಳಕ್ಕೆ ಇಳಿದುಬಿಡುವುದು. ಮೊದಲ ಸಲ ಅಲ್ಲಿಗೆ ಬಂದವನಿಗೆ ಮುಂದೆ ರಸ್ತೆ ಇದೆಯೆಂಬುದೇ ಕಾಣುವುದಿಲ್ಲ. ಕೆಲವು ದಿನಗಳಲ್ಲಿ ಶುಲ್ಕ ಕೊಟ್ಟು ಯಾರಾದರೂ ತಮ್ಮ ಸ್ವಂತ ಗಾಡಿಯನ್ನು ಅಲ್ಲಿ ಓಡಿಸಬಹುದು. ಪಂದ್ಯವಿಲ್ಲ, ಬಹುಮಾನವಿಲ್ಲ. ಇದರಲ್ಲಿ ಏನು ಸುಖವೆಂದು ಕೇಳುವವರಿಗೆ ನಾನು ಉತ್ತರ ಹೇಳಲಾರೆ. ಈಜು ಬಾರದವರಿಗೆ ಹೊಳೆಯ ಸುಖ ಹೇಳಿದಂತಾಗುವುದು.

ಓರೆಗಳಲ್ಲಿ ಮೊದಲನೆಯದು ಕ್ಯಾಂಬರ್: ಗಾಲಿಯ ತಲೆ ಒಳಕ್ಕೆ ವಾಲಿರುವ ಪ್ರಮಾಣ. ತಿರುವಿನಲ್ಲಿ ಗಾಡಿಯ ಒಡಲು ಹೊರಕ್ಕೆ ವಾಲುವುದು. ಅದರೊಡನೆ ಹೊರಗಡೆಯ ಗಾಲಿಯೂ ವಾಲಿ, ಭಾರವೆಲ್ಲ ಟೈರಿನ ಹೊರ ಅಂಚಿನ ಮೇಲೆ ಬೀಳುವುದು. ಮೊದಲೇ ಒಳಕ್ಕೆ ವಾಲಿಸಿಟ್ಟ ಗಾಲಿಯಾದರೆ ಆ ಹೊತ್ತಿಗೆ ಸರಿಯಾಗಿ ನೆಟ್ಟಗಾಗಿ, ಟೈರು ತನ್ನ ಅಗಲವನ್ನೆಲ್ಲ ನೆಲಕ್ಕೆ ಊರುವುದು. ನಮ್ಮ ಗಾಡಿಯ ಗಾಲಿಯ ಎತ್ತರ ಸುಮಾರು 58 ಸೆಂಟಿಮೀಟರು. ಒಂದು ಡಿಗ್ರಿ ವಾಲಿಸಿದರೆ ತಲೆ ಬುಡಕ್ಕಿಂತ ಒಂದು ಸೆಂಟಿಮೀಟರು ಒಳಗೆ ಬರುವುದು. ಊರಿನ ಓಡಾಟಕ್ಕೆ ಒಂದು ಡಿಗ್ರಿ ಧಾರಾಳ. ಪಂದ್ಯದ ಹಾದಿ ಎರಡೂವರೆ, ಮೂರು ಎಂದು ಕೇಳುವುದು. ನೇರ ದಾರಿಯಲ್ಲಿ ಅಷ್ಟು ವಾಲಿದ ಗಾಲಿ ಒಳ ಅಂಚಿನ ಮೇಲೆಯೇ ಓಡುವುದು; ಬ್ರೇಕು ಒತ್ತಿದಾಗ ಹಿಡಿತ ಸ್ವಲ್ಪ ಕಡಮೆ; ಒಳ ಅಂಚು ಸವೆಯುತ್ತಿರುವುದು ಬಗ್ಗಿ ನೋಡದವರ ಕಣ್ಣಿಗೆ ಬೀಳುವುದೂ ಇಲ್ಲ.

ಎರಡನೆಯದಾದ ಕ್ಯಾಸ್ಟರನ್ನು ತಿಳಿಯಬೇಕಾದರೆ ಬೈಸಿಕಲ್ಲಿನ ಮುಂದಿನ ಕವೆಯನ್ನು ನೋಡಿದರೆ ಸಾಕು. ಅದು ಮೇಲಿನಿಂದ ಕೆಳಕ್ಕೆ ಬರುತ್ತ ಮುಂದಕ್ಕೆ ಚಾಚಿಕೊಂಡಿರುವುದು. ಕೈ ಬಿಟ್ಟರೂ ಗಾಲಿ ನೇರಕ್ಕೆ ಬರಲು ಅದು ನೆರವು. ಇದರಲ್ಲಿ ಜಗಳವಿಲ್ಲ. ಹೆಚ್ಚಿದಷ್ಟೂ ಸ್ಟಿಯರಿಂಗ್ ಚಕ್ರ ಕೈಗೆ ತುಸು ಭಾರವೆನಿಸುವುದು, ಅಷ್ಟೆ. ಐದು ಡಿಗ್ರಿಗೆ ಇಬ್ಬರೂ ಒಪ್ಪಿದೆವು.

ಜಗಳವೆಲ್ಲ ಮೂರನೆಯದಾದ ಟೋ ಎಂಬುದರಲ್ಲಿ. ಮೇಲಿನಿಂದ ನೋಡಿದರೆ ಒಂದು ಜೋಡಿ ಗಾಲಿಗಳ ಮೂತಿಗಳು ಒಂದನ್ನೊಂದು ನೋಡುವಂತೆ ಒಳಕ್ಕೆ ತಿರುಗಿರುತ್ತವೆಯೋ, ಮುನಿಸಿಕೊಂಡವರಂತೆ ಹೊರಕ್ಕೆ ತಿರುಗಿರುತ್ತವೆಯೋ ಎಂಬ ಲೆಕ್ಕ ಇದು. ಇಲ್ಲಿನ ಅಳತೆ ಮಿಲಿಮೀಟರುಗಳಲ್ಲಿ. ಜಾತ್ರೆಯಲ್ಲಿ ತೇರನ್ನು ಎಳೆಯುವವರು ನೂರಾರು ಮಂದಿ. ಅದನ್ನು ತಿರುಗಿಸುವುದು ಮಾತ್ರ ಗಾಲಿಯ ಬುಡಕ್ಕೆ ಕೊಟ್ಟ ಒಂದು ಮರದ ಬೆಣೆ. ಟೋ ಅಂತಹ ಬೆಣೆ. ಮುಂದಿನ ಗಾಲಿಗಳು ಎರಡು ಮೂರು ಮಿಲಿಮೀಟರು ಹೊರಕ್ಕೆ ತಿರುಗಿದ್ದರೆ ಗಾಡಿ ತಿರುವಿಗೆ ಚುರುಕಾಗಿ ನುಗ್ಗುವುದು. ಪಂದ್ಯದ ಹಾದಿಯಲ್ಲಿ ಅದು ಹಿತ. ಅದೇ ಗಾಡಿ ಹೆದ್ದಾರಿಯಲ್ಲಿ ಪ್ರತಿಯೊಂದು ಗೀರನ್ನೂ ಮೂಸುತ್ತ ಅಲೆಯುವುದು. ಟೈರಿಗೆ ಆಗುವ ನಷ್ಟವನ್ನು ಲೆಕ್ಕ ಹಾಕಿ ನೋಡಿದೆ. ಎರಡು ಗಾಲಿಗೂ ಸೇರಿ 3 ಮಿಲಿಮೀಟರು ಎಂದಿಟ್ಟುಕೊಂಡರೆ ಒಂದೊಂದಕ್ಕೆ ಒಂದೂವರೆ. ಆ ಓರೆಯಲ್ಲಿ ಗಾಲಿ ಒಂದು ಕಿಲೋಮೀಟರು ಉರುಳುವಷ್ಟರಲ್ಲಿ ಸುಮಾರು ಎರಡೂವರೆ ಮೀಟರು ಪಕ್ಕಕ್ಕೆ ತೇಯಬೇಕು. ಲಗೂನಾ ಸೇಕಾ ತಲಪುವಷ್ಟರಲ್ಲಿ ಕಾಲು ಕಿಲೋಮೀಟರಿಗೂ ಮೇಲೆ! ಟೈರನ್ನು ಕ್ಯಾಂಬರ್ ತಿನ್ನುವುದೆಂದು ಜನ ದೂರುತ್ತಾರೆ. ಅದಕ್ಕಿಂತ ಬೇಗ ತಿನ್ನುವುದು ಟೋ.

ಟೈರಾದರೆ ಹಣ ಕೊಟ್ಟರೆ ಬರುವುದು. ಹಿಂದಿನ ಗಾಲಿಗಳ ಮಾತು ಬೇರೆ. ಅವು ಹೊರಕ್ಕೆ ತಿರುಗಿದ್ದರೆ ಗಾಡಿಯ ಬಾಲ ಸದಾ ಮುಂದಕ್ಕೆ ಬರಲು ಹವಣಿಸುವುದು. ನಮ್ಮ ಮಿತ್ರರೊಬ್ಬರು, ಓಡಿಸುವುದರಲ್ಲಿ ನನಗಿಂತ ಬಹಳ ನುರಿತವರು, ತಿರುವಿನಲ್ಲಿ ಗಾಡಿ ಬೇಗ ಹೊರಳಲಿ ಎಂದು ಹೀಗೆಯೇ ಹೊಂದಿಸಿಕೊಂಡಿದ್ದರು. ಒಣಗಿದ ಹಾದಿಯಲ್ಲಿ ಅದು ಸೊಗಸಾಗಿ ಓಡಿತು. ಸಂಜೆ ಹಿಂದಿರುಗುವಾಗ ಆ ವರ್ಷದ ಮೊದಲ ಮಳೆ ಹನಿಯಿತು. ಬೇಸಗೆಯೆಲ್ಲ ರಸ್ತೆಯ ಮೇಲೆ ಕೂತಿದ್ದ ಎಣ್ಣೆಯೂ ಧೂಳೂ ನೆನೆದು ಜಾರುತ್ತಿದ್ದ ತಿರುವಿನಲ್ಲಿ ಅವರು ವೇಗ ಹೆಚ್ಚಾಯಿತೆಂದು ಆಕ್ಸಿಲರೇಟರಿನಿಂದ ಕಾಲು ತೆಗೆದರು. ತೆಗೆದ ಮಾತ್ರಕ್ಕೆ ಗಾಡಿ ಬುಗುರಿಯಂತೆ ತಿರುಗಿ, ಬರುವ ಗಾಡಿಗಳಿಗೆ ಎದುರಾಗಿ ನಿಂತಿತು. ಹಿಂದಿನ ಲಾರಿ ಇನ್ನೂ ದೂರದಲ್ಲಿದ್ದುದರಿಂದ ಜೀವ ಉಳಿಯಿತು. ಆ ರಾತ್ರಿ ಅವರು ನಮ್ಮಲ್ಲಿಗೆ ಬಂದು ಕಾಫಿಯ ಲೋಟವನ್ನು ಎರಡು ಕೈಯಿಂದ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ಅವರು ಹೋದ ಮೇಲೆ ನನ್ನ ಹೆಂಡತಿ ಕೇಳಿದಳು: “ನಮ್ಮ ಗಾಡಿಯ ಹಿಂದಿನ ಗಾಲಿಗಳು ಹೇಗಿವೆ?”

“ಒಳಕ್ಕೇ ಇವೆ.”

“ಹಾಗೆಯೇ ಇರಲಿ. ನಿಮ್ಮ ಒಂದು ಭಾನುವಾರಕ್ಕಾಗಿ ನನ್ನ ಐದು ದಿನ ಓರೆಯಾಗುವುದು ಬೇಡ.”

ಪಂದ್ಯದ ಹಾದಿಯಲ್ಲಿ ಒಂದು ಅಳತೆ, ಮನೆಗೆ ಹೊರಡುವಾಗ ಇನ್ನೊಂದು ಎಂದು ಮಾಡುವವರೂ ಉಂಟು. ಮುಂದಿನ ಟೋವನ್ನು ನಿರ್ಣಯಿಸುವ ಸರಳನ್ನು ಇಷ್ಟು ಸುತ್ತು ಎಂದು ಎಣಿಸಿ ತಿರುಗಿಸಿ, ಸಂಜೆ ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿದರಾಯಿತು. ಹತ್ತು ನಿಮಿಷದ ಕೆಲಸ. ದಣಿದು, ಕತ್ತಲಾಗುತ್ತಿರುವಾಗ, ನೆಲದ ಮೇಲೆ ಅಂಗಾತ ಮಲಗಿ ಸುತ್ತು ಎಣಿಸುವವನ ಎಣಿಕೆಯನ್ನು ನಂಬಿ ಮರುದಿನ ಬೆಳಗ್ಗೆ ಇನ್ನೊಬ್ಬರು ಬೆಟ್ಟ ಹತ್ತಬೇಕೆಂಬುದು ನನಗೆ ಸರಿದೋರಲಿಲ್ಲ. ಆದುದರಿಂದ ಒಂದೇ ಅಳತೆಯೆಂದು ಗೊತ್ತಾಯಿತು. ವಾಲುವುದರಲ್ಲಿ ನನ್ನ ಹಾದಿಗೆ ಪಾಲು: ಮುಂದೆ ಎರಡು ಡಿಗ್ರಿ, ಹಿಂದೆ ಒಂದೂ ಮುಕ್ಕಾಲು. ದಿಕ್ಕಿನ ವಿಷಯವೆಲ್ಲ ಆಕೆಯ ರಸ್ತೆಗೆ: ಮುಂದಿನ ಟೋ ಸೊನ್ನೆ, ಹಿಂದಿನದು ಒಟ್ಟು 2 ಮಿಲಿಮೀಟರು ಒಳಕ್ಕೆ.

ಅಂಗಡಿಯ ಯಂತ್ರದಲ್ಲಿ ಇದನ್ನು ಮಾಡಿಸಬಹುದು. ಅಲ್ಲಿಯ ಹುಡುಗರಿಗೆ ಪರದೆಯ ಮೇಲಿನ ಅಂಕಿ ಹಸಿರಾದರೆ ತೃಪ್ತಿ. ಹಸಿರೆಂದರೆ ಕಂಪೆನಿ ಹಾಕಿದ ಮಿತಿಯೊಳಗೆ ಇದೆಯೆಂದಷ್ಟೇ ಅರ್ಥ, ಮಿತಿಯ ಯಾವ ಕೊನೆಯಲ್ಲಿ ಎಂದಲ್ಲ. ನಾವು ಮನೆಯಲ್ಲಿಯೇ ದಾರ ಕಟ್ಟಿದೆವು. ಗಾಡಿಯ ಎರಡು ಪಕ್ಕದಲ್ಲಿಯೂ ಗಾಲಿಯ ನಡುಮಟ್ಟಕ್ಕೆ, ಒಂದಕ್ಕೊಂದು ಸಮಾನಾಂತರವಾಗಿ ದಾರ ಎಳೆದು, ಉಕ್ಕಿನ ಪಟ್ಟಿಯಿಂದ ಗಾಲಿಯ ಮುಂಚಿಗೂ ಹಿಂಚಿಗೂ ದೂರ ಅಳೆಯುವುದು. ಎರಡರ ವ್ಯತ್ಯಾಸವೇ ಟೋ. ನೆಲ ಸಮತಟ್ಟಾಗಿರಬೇಕು. ಓಡಿಸುವವರ ಭಾರವೂ ಆಸನದ ಮೇಲಿರಬೇಕು. ಇಲ್ಲದಿದ್ದರೆ ಅಷ್ಟು ಹಗುರ ಗಾಡಿಯಲ್ಲಿ ಅಳತೆ ತಪ್ಪುವುದು. ಯಾರ ಭಾರ? ನನ್ನದು 75 ಕಿಲೋ, ಆಕೆಯದು 55. ಐದು ದಿನ ತಾನು ಕೂರುವೆನಾದ ಕಾರಣ 55 ಎಂದು ಆಕೆಯ ವಾದ. ವೇಗ ಹೆಚ್ಚಿದ್ದಾಗ ಕೂರುವವನು ನಾನಾದ ಕಾರಣ 75 ಎಂದು ನನ್ನದು. ಕೊನೆಗೆ 65 ಕಿಲೋ ಅಕ್ಕಿಯ ಮೂಟೆಗಳು ಸ್ಟಿಯರಿಂಗಿನ ಹಿಂದೆ ಕುಳಿತವು. ಮಿಯಾಟಾದ ಕೆಳತೋಳುಗಳು ಒಡಲಿಗೆ ಸೇರುವಲ್ಲಿ ನಡು ತಪ್ಪಿಸಿದ ಬಿಲ್ಲೆಯುಳ್ಳ ಬೋಲ್ಟುಗಳಿವೆ. ತಿರುಗಿಸಿದರೆ ತೋಳಿನ ಬುಡ ಕೂದಲೆಳೆಯಷ್ಟು ಸರಿಯುವುದು. ಒಂದನ್ನು ಮುಟ್ಟಿದರೆ ಇನ್ನೊಂದು ಕೆಡುವುದು. ಕ್ಯಾಂಬರ್ ಬದಲಾದರೆ ಟೋ ತಾನಾಗಿ ಬದಲಾಗುವುದರಿಂದ ಅದನ್ನು ಕೊನೆಗೆ, ಅದರಲ್ಲಿಯೂ ಹಿಂದಿನದನ್ನು ಮೊದಲು ನೋಡಬೇಕು. ಒಂದೊಂದು ಸಲ ತಿರುಗಿಸಿದ ಮೇಲೂ ಗಾಡಿಯನ್ನು ಹಿಂದೆ ಮುಂದೆ ತಳ್ಳಿ ಕೂರಿಸಿ ಮತ್ತೆ ಅಳೆಯಬೇಕು. ಬೆಳಗಿನ ತಿಂಡಿಯ ಮೇಲೆ ಹಿಡಿದ ಕೆಲಸ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಬಿಲ್ಲೆಗಳು ನಿಂತ ಜಾಗಕ್ಕೆ ಆಕೆಯೇ ಬಿಳಿಯ ಬಣ್ಣದ ಗೆರೆ ಎಳೆದಳು.

ಲಗೂನಾ ಸೇಕಾದಲ್ಲಿ ಎಡ ತಿರುವುಗಳೇ ಹೆಚ್ಚು. ಬಲಗಡೆಯ ಮುಂದಿನ ಗಾಲಿಗೆ ದುಡಿಮೆ ಜಾಸ್ತಿ. ಹಾದಿಯಿಂದ ಹೊರಬಂದ ಕೂಡಲೆ ಆ ಟೈರಿನ ರಬ್ಬರಿಗೆ ಸೂಜಿ ಚುಚ್ಚಿ ಮೂರು ಕಡೆ ಬಿಸಿ ಅಳೆದೆ. ಒಳ ಅಂಚು 74 ಡಿಗ್ರಿ, ನಡುವೆ 76, ಹೊರ ಅಂಚು 80. ಚೆನ್ನಾಗಿ ಹೊಂದಿದ ಗಾಲಿಯಲ್ಲಿ ಒಳ ಅಂಚೇ ಕೊಂಚ ಹೆಚ್ಚು ಬಿಸಿಯಾಗಿರಬೇಕು. ಇನ್ನೂ ಅರ್ಧ ಡಿಗ್ರಿಯಾದರೂ ವಾಲಿಸೆಂದು ಟೈರಿನ ಅರ್ಜಿ. ವಾಲಿಸಿದರೆ ಸುತ್ತಿಗೆ ಒಂದಿಷ್ಟು ಕ್ಷಣ ಉಳಿಯುವುದು ನನಗೂ ಗೊತ್ತು. ಮೂರು ಅಂಕಿಗಳನ್ನೂ ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಬಿಳಿಯ ಗೆರೆಗಳು ಎಳೆದಲ್ಲಿಯೇ ಇವೆ.