ಯಾರು ಬರೆದದ್ದು?

ಪತ್ರಿಕಾ ಸ್ವಾತಂತ್ರ್ಯ ಎಂದ ಕೂಡಲೆ ನಮ್ಮ ಓದಿದ ಗೆಳೆಯರು 1975ರ ಜೂನ್ 25ರ ರಾತ್ರಿಯಿಂದ ಮಾತು ಶುರು ಮಾಡುತ್ತಾರೆ. ತುರ್ತು ಪರಿಸ್ಥಿತಿ, ಸೆನ್ಸಾರ್ ಅಧಿಕಾರಿ, ಖಾಲಿ ಬಿಟ್ಟ ಸಂಪಾದಕೀಯ. ಎಲ್ಲ ನಿಜ, ಮರೆಯಬಾರದ್ದೇ. ಆದರೆ ಮಲೆನಾಡಿನ ಕೇರಿಯಲ್ಲಿ ಹುಟ್ಟಿದವನಿಗೆ ಸೆನ್ಸಾರು ದಿಲ್ಲಿಯಿಂದ ಬಂದದ್ದಲ್ಲ. ಅದು ದೊಡ್ಡಮನೆಯ ಜಗಲಿಯ ಮೇಲೆ ಕವಳ ಹಾಕಿಕೊಂಡು ಕೂತಿತ್ತು. ನನ್ನ ಅಪ್ಪ ‘ಹೌದು ಅಯ್ಯಾ’ ಎನ್ನುವ ಎರಡೇ ಶಬ್ದಗಳಲ್ಲಿ ಆಯುಷ್ಯ ಕಳೆದ. ‘ಅಲ್ಲ’ ಎನ್ನುವುದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಮನೆಯಲ್ಲಿ ಅವ್ವನ ಹತ್ತಿರ, ಗದ್ದೆಯಲ್ಲಿ ಎತ್ತಿನ ಹತ್ತಿರ ಧಾರಾಳವಾಗಿ ಹೇಳುತ್ತಿದ್ದ. ಜಗಲಿಯ ಮುಂದೆ ಹೇಳಿದರೆ ಮಾತ್ರ ಮರುದಿನ ಗಂಜಿಗೆ ಅಕ್ಕಿ ಇರುತ್ತಿರಲಿಲ್ಲ.

ಆಡುವ ಮಾತಿಗೆ ಕಾಲೂರಲು ನೆಲ ಬೇಕು. ನಾನು ಕಲಿತ ಮೊದಲ ರಾಜಕೀಯ ಇದು.

ನಮ್ಮ ಸೀಮೆಗೆ ಇದನ್ನು ಕಲಿಸಿದ್ದು ಕಾಗೋಡು. ಸಾಗರ ತಾಲ್ಲೂಕಿನ ಆ ಊರಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ ತಕರಾರು ಎದ್ದಿತು. ದೊಡ್ಡ ಕೊಳಗದಲ್ಲಿ ಅಳೆಯುವುದಿಲ್ಲ ಎಂದರು ಗೇಣಿದಾರರು. ಅವರಲ್ಲಿ ಹೆಚ್ಚಿನವರು ದೀವರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘ ಕಟ್ಟಿಸಿ ನಿಲ್ಲಿಸಿದರು. ಒಕ್ಕಲೆಬ್ಬಿಸಿದಾಗ 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ನೇಗಿಲು ಹೊತ್ತು ಗದ್ದೆಗಿಳಿದವರನ್ನು ಪೊಲೀಸರು ಹಿಡಿದೊಯ್ದರು. ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು. ಜೂನ್ ತಿಂಗಳಲ್ಲಿ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದಿನ ವರ್ಷ ಸಾಗರ–ಹೊಸನಗರ ಕ್ಷೇತ್ರದ ಜನ ಗೋಪಾಲಗೌಡರನ್ನೇ ವಿಧಾನಸಭೆಗೆ ಕಳಿಸಿದರು. ಕೊಳಗದ ಮಾತು ಸದನದ ಮಾತಾಯಿತು.

ಅದೇ 1951ರ ಜೂನ್‌ನಲ್ಲಿ ದಿಲ್ಲಿಯಲ್ಲಿ ಇನ್ನೊಂದು ಕೆಲಸ ನಡೆಯಿತು: ಸಂವಿಧಾನದ ಮೊದಲ ತಿದ್ದುಪಡಿ. ಹಿಂದಿನ ವರ್ಷವಷ್ಟೇ ಸುಪ್ರೀಂ ಕೋರ್ಟು, ‘ಕ್ರಾಸ್ ರೋಡ್ಸ್’ ಪತ್ರಿಕೆಯನ್ನು ಮದ್ರಾಸ್ ಸರ್ಕಾರ ತನ್ನ ಪ್ರಾಂತ್ಯದೊಳಗೆ ಬಿಡದೆ ತಡೆದದ್ದು ತಪ್ಪು ಎಂದಿತ್ತು. ತಿದ್ದುಪಡಿ ಬಂದು 19ನೇ ವಿಧಿಯ ಸುತ್ತ ‘ಸಾರ್ವಜನಿಕ ಸುವ್ಯವಸ್ಥೆ’ ಎಂಬ ಬೇಲಿ ಹಾಕಿತು. ಆದರೆ ಹಿಂದುಳಿದವರಿಗೆ, ದಲಿತರಿಗೆ ವಿಶೇಷ ಅವಕಾಶ ಕೊಡುವ 15(4) ಬಂದದ್ದೂ ಅದೇ ತಿದ್ದುಪಡಿಯಲ್ಲಿ. ಜಮೀನ್ದಾರರ ದಾವೆಗಳಿಂದ ಭೂಸುಧಾರಣೆಯನ್ನು ಕಾಯುವ ಒಂಬತ್ತನೇ ಅನುಸೂಚಿ ಬಂದದ್ದೂ ಅದರಲ್ಲೇ. ಒಂದೇ ಬುಟ್ಟಿಯಲ್ಲಿ ಹಣ್ಣೂ ಇತ್ತು, ಮುಳ್ಳೂ ಇತ್ತು. ನಾವು ಹಸಿದವರು, ಹಣ್ಣು ನೋಡಿದೆವು. ಸುವ್ಯವಸ್ಥೆ ಎಂದರೆ ಯಾರ ವ್ಯವಸ್ಥೆ ಎಂದು ಆಗಲೇ ಕೇಳಬೇಕಿತ್ತು. ಕೊಳಗ ಸರಿ ಮಾಡಿ ಎಂದದ್ದೂ ಕಾಗೋಡಿನ ಒಡೆಯರ ಕಣ್ಣಿಗೆ ಅವ್ಯವಸ್ಥೆಯೇ.

ಮುಂದೆ 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಗೇಣಿದಾರ ಏಳನೇ ನಂಬರ್ ಫಾರಂ ತುಂಬಿ ‘ಈ ಗದ್ದೆ ಉಳುವವನು ನಾನು’ ಎಂದು ಬರೆದುಕೊಡಬೇಕು. ಬಂಡಾಯ ಸಾಹಿತ್ಯದ ಚರಿತ್ರೆ ಬರೆಯುವವರು ಈ ಫಾರಮ್ಮನ್ನು ಮರೆಯಬಾರದು. ಹೆಬ್ಬೆಟ್ಟಿನವರು ಒಡೆಯನ ವಿರುದ್ಧ ಕಾಗದಕ್ಕಿಳಿಸಿದ ಮೊದಲ ವಾಕ್ಯ ಅದು. ನನ್ನ ಅಪ್ಪ ಮಾತ್ರ ಅದನ್ನು ತುಂಬಲಿಲ್ಲ. ಅವನ ಹೆಸರಲ್ಲಿ ಗೇಣಿಯೇ ಇರಲಿಲ್ಲ, ಅವನು ಆಳು. ಉಳುವವನಿಗೆ ಭೂಮಿ ಬಂತು, ಉಳುವವನ ಹಿಂದೆ ಕೂಲಿಗೆ ನಡೆದವನಿಗೆ ಬರಲಿಲ್ಲ.

ಭೂಮಿ ಬಂದವರ ಮಕ್ಕಳು ಶಾಲೆಗೆ ಹೋದರು, ಅಡಿಕೆ ಹಾಕಿದರು, ಪೇಟೆಯಲ್ಲಿ ಅಂಗಡಿ ಇಟ್ಟರು, ಪ್ರೆಸ್ಸು ಹಾಕಿದರು. ಒಳ್ಳೆಯದೇ ಆಯಿತು. ಆದರೆ ಮುಂದಿನದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ನಮ್ಮ ಕೇರಿಯ ಹೆಣ ಹೂಳುವ ಜಾಗ ವರ್ಷಕ್ಕೊಂದು ಸಾಲು ಅಡಿಕೆ ಸಸಿಯಂತೆ ಪಕ್ಕದ ತೋಟಕ್ಕೆ ಸೇರುತ್ತಾ ಹೋಯಿತು. ಕೇರಿಯವರೆಲ್ಲ ಕೂತು ಒಂದು ಕರಪತ್ರ ಬರೆದೆವು. ಪೇಟೆಯ ಪ್ರೆಸ್ಸಿಗೆ ಒಯ್ದೆ. ಹೆಸರು ಬೇಡ. ಏಳನೇ ನಂಬರ್ ಫಾರಂ ತುಂಬಿದವರ ಮೊಮ್ಮಗನೇ ಅವನು. ಓದಿದ. ಇನ್ನೊಮ್ಮೆ ಓದಿದ.

‘ಯಾರು ಬರೆದದ್ದು?’

‘ಎಲ್ಲ ಸೇರಿ ಬರೆದದ್ದು.’

‘ಅದಲ್ಲ ಮಾರಾಯ, ಅಡಿಗೆ ನನ್ ಪ್ರೆಸ್ಸಿನ ಹೆಸರು ಬತ್ತದಲ. ನಾಳೆ ಸೊಸೈಟಿಯವ್ರು ಬಿಲ್ ಬುಕ್ಕಿನ ಕೆಲ್ಸ ನಿಲ್ಸಿದ್ರೆ ನೀ ಕೊಡ್ತೀಯಾ?’

ಕೆಟ್ಟವನಲ್ಲ. ಚಾ ತರಿಸಿ ಕೊಟ್ಟ. ಕರಪತ್ರ ಮಾತ್ರ ಮಡಚಿ ನನ್ನ ಜೇಬಿಗೇ ಇಟ್ಟ. ಅಲ್ಲಿಂದ ವಾರಪತ್ರಿಕೆಯ ವರದಿಗಾರನ ಹತ್ತಿರ ಹೋದೆ. ಅವನಿಗೆ ಸಂಬಳವಿಲ್ಲ. ಜಾಹೀರಾತು ತಂದರೆ ಅದರಲ್ಲಿ ಕಮಿಷನ್. ಜಾಹೀರಾತು ಕೊಡುವವರು ತೋಟದವರು. ಆ ವಾರ ಸ್ಮಶಾನದ ಸುದ್ದಿ ಬರಲಿಲ್ಲ, ತೋಟದ ಯಜಮಾನರ ಹುಟ್ಟುಹಬ್ಬದ ಶುಭಾಶಯ ಅರ್ಧ ಪುಟ ಬಂತು. ಕೊನೆಗೆ ಹಾಸ್ಟೆಲ್ಲಿನ ಹುಡುಗಿಯರು ಕೈಯಲ್ಲೇ ಅರವತ್ತು ಪ್ರತಿ ಬರೆದು ಬಸ್‌ಸ್ಟ್ಯಾಂಡಿನಲ್ಲಿ ಅಂಟಿಸಿದರು. ಸರ್ವೆಯವರು ಬಂದರು, ಅಳೆದರು, ಹೋದರು. ಜಾಗ ಇನ್ನೂ ಬಿಟ್ಟಿಲ್ಲ.

ಗಮನಿಸಿ: ಇಲ್ಲಿ ಯಾರೂ ಯಾರನ್ನೂ ಬಂಧಿಸಲಿಲ್ಲ, ಯಾವ ಆಜ್ಞೆಯೂ ಹೊರಡಲಿಲ್ಲ. ಅಚ್ಚಾದದ್ದರ ಮೇಲೆ ಮುದ್ರಕನ ಹೆಸರು ಇರಲೇಬೇಕು ಎಂದು ಬ್ರಿಟಿಷರು 1867ರಲ್ಲೇ ಕಾಯಿದೆ ಮಾಡಿದ್ದರು. ಬರೆದವನು ಸಿಗದಿದ್ದರೆ ಅಚ್ಚು ಹಾಕಿದವನನ್ನು ಹಿಡಿ ಎಂಬ ಉಪಾಯ. ಆ ಕಾಯಿದೆ ಹೋಗಿ 2024ರ ಮಾರ್ಚಿನಲ್ಲಿ ಹೊಸದು ಬಂದರೂ ಭಯ ಹಳೆಯದೇ. ಹೊಟ್ಟೆಯ ಮೇಲೆ ಹೊಡೆದರೆ ಬಾಯಿ ತಾನೇ ಮುಚ್ಚುತ್ತದೆ.

ಹೊಟ್ಟೆಯ ಪೆಟ್ಟಿಗೆ ಬಗ್ಗದವರಿಗೆ ಬೇರೆ ಪೆಟ್ಟು ಕಾದಿರುತ್ತದೆ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಕುರ್ಚಿ ಹೋಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. 2015ರ ಅಕ್ಟೋಬರಿನಲ್ಲಿ ದಾವಣಗೆರೆಯಲ್ಲಿ ‘ಒಡಲ ಕಿಚ್ಚು’ ಬರೆದ ದಲಿತ ಯುವಕ ಹುಚ್ಚಂಗಿ ಪ್ರಸಾದರನ್ನು ಹಿಡಿದು ಹೊಡೆದರು. ಇನ್ನು ಬರೆಯದಂತೆ ಬೆರಳು ಕತ್ತರಿಸುತ್ತೇವೆ ಎಂದು ಬೆದರಿಸಿದರೆಂದು ಅವರು ಹೇಳಿದರು. ಅದೇ ವರ್ಷ ಆಗಸ್ಟ್ 30ರಂದು ಎಂ.ಎಂ. ಕಲಬುರ್ಗಿಯವರು, 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು.

ಶಾಲೆಯನ್ನೂ ಬಿಡಲಿಲ್ಲ. ಮಕ್ಕಳು ಆಡಿದ ನಾಟಕಕ್ಕೆ 2020ರಲ್ಲಿ ಬೀದರಿನ ಶಾಲೆಯೊಂದರ ಮೇಲೆ ರಾಜದ್ರೋಹದ ಕೇಸು ಬಿತ್ತು. ಶಿಕ್ಷಕಿಯೊಬ್ಬರೂ ಮಗುವಿನ ತಾಯಿಯೂ ಜೈಲು ಕಂಡರು. ಹೈಕೋರ್ಟು ಕೇಸನ್ನು ರದ್ದು ಮಾಡಿದ್ದು 2023ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಅದೇ ತಿಂಗಳು ಹೊಸದುರ್ಗ ತಾಲ್ಲೂಕಿನ ಒಬ್ಬ ಮೇಷ್ಟರು ಫೇಸ್‌ಬುಕ್ಕಿನಲ್ಲಿ ಹೊಸ ಮುಖ್ಯಮಂತ್ರಿಯನ್ನು ಟೀಕಿಸಿದ್ದಕ್ಕೆ ಅಮಾನತಾದರು. ಬಾವುಟದ ಬಣ್ಣ ಬದಲಾದರೂ ಪ್ರಶ್ನೆ ಬದಲಾಗುವುದಿಲ್ಲ: ಯಾರು ಬರೆದದ್ದು?

ಹಾಗಾದರೆ ಏನು ಮಾಡೋಣ? ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯ ಲಂಕೇಶ್ 1980ರಲ್ಲಿ ವಾರಪತ್ರಿಕೆ ತೆಗೆದಾಗ ಜಾಹೀರಾತು ಬೇಡ ಎಂದರು. ಓದುವವನು ಕೊಟ್ಟ ಕಾಸಿನಲ್ಲಿ ಪತ್ರಿಕೆ ನಡೆಯಿತು. ಗೌರಿಯವರೂ ಅದೇ ದಾರಿ ಹಿಡಿದರು. ಅದರಲ್ಲಿ ನಮಗೆ ಪಾಠವಿದೆ. ಕೋರ್ಟಿನಲ್ಲಿ 19ನೇ ವಿಧಿಗಾಗಿ ಹೋರಾಡುವವರು ಹೋರಾಡಲಿ, ನಾವೂ ಜೊತೆಗಿರೋಣ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಕೂಲಿಯವನ ಮಾತು ಅಚ್ಚಾಗಬೇಕಾದರೆ ಅವನ ಕಾಲಡಿ ನೆಲವೂ ಬೇಕು, ತೋಟದ ಯಜಮಾನರ ಹಂಗಿಲ್ಲದ ಒಂದು ಪ್ರೆಸ್ಸೂ ಬೇಕು. ಭೂಮಿಯ ಹೋರಾಟ ಬೇರೆ, ಬರಹದ ಹೋರಾಟ ಬೇರೆ ಎನ್ನುವವರು ಕಾಗೋಡನ್ನು ಅರ್ಧ ಓದಿದವರು.

ಮೇಷ್ಟರುಗಳೇ, ಹಾಸ್ಟೆಲ್ಲಿನ ಗೆಳೆಯರೇ, ನಿಮ್ಮೂರಿನ ಕರಪತ್ರವನ್ನು ಒಬ್ಬನ ತಲೆಗೆ ಕಟ್ಟಬೇಡಿ. ಬರೆಯುವಾಗ ಹತ್ತು ಜನ ಕೂಡಿ, ಅಡಿಯಲ್ಲಿ ನೂರು ಸಹಿ ಹಾಕಿ. ಪ್ರೆಸ್ಸಿನವನ ಖರ್ಚನ್ನು ಹತ್ತು ಹತ್ತು ರೂಪಾಯಿ ಎತ್ತಿ ಮುಂಗಡ ಕೊಡಿ. ಅವನ ಕೆಲಸ ಹೋದರೆ ಕೇರಿಯ ಮದುವೆ ಕಾಗದ, ಸಂಘದ ರಸೀದಿ ಎಲ್ಲ ಅವನಿಗೇ ಕೊಡಿ. ಹೆದರಿದವನನ್ನು ಬೈದು ಬರುವುದು ಸುಲಭ. ಅವನು ಹೆದರದೆ ಅಚ್ಚು ಹಾಕುವಂತೆ ಮಾಡುವುದು ಸಂಘಟನೆಯ ಕೆಲಸ.